ಟೆಂಟಿನೊಳಗೆ ಮನೆಯಲ್ಲೇ ಮಾಡಿದ ಸೌದೆ ಒಲೆ: ಉರಿಗಿಂತ ಕೆಂಡಕ್ಕೆ ಹೆದರಿ

ಪ್ರಶ್ನೆ: ನಾವು ಕೆನಡಾದ ಒಂಟಾರಿಯೋದಲ್ಲಿ ಇದ್ದೇವೆ. ಫೆಬ್ರವರಿಯ ಫ್ಯಾಮಿಲಿ ಡೇ ರಜೆಗೆ ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು ಅಲ್ಗಾಂಕ್ವಿನ್ ಪಾರ್ಕಿನಲ್ಲಿ ಎರಡು ರಾತ್ರಿ ಟೆಂಟು ಹಾಕಬೇಕು ಅಂತಿದ್ದೇವೆ. ಸೈನ್ಯದವರ ಹಳೇ ಮದ್ದುಗುಂಡಿನ ಡಬ್ಬಿಯಿಂದ ನಾನೇ ಒಂದು ಪುಟ್ಟ ಸೌದೆ ಒಲೆ ಮಾಡಿದ್ದೇನೆ. ಹೊಗೆ ಹೋಗಲು ಮೂರು ಇಂಚಿನ ಜಿಐ ಪೈಪು ತಂದಿಟ್ಟಿದ್ದೇನೆ. ನಮ್ಮಲ್ಲಿರುವ ನೈಲಾನ್ ಟೆಂಟಿಗೇ ತೂತು ಮಾಡಿ ಪೈಪು ಹೊರಗೆ ಬಿಡಬಹುದಾ? ರಾತ್ರಿಯಿಡೀ ಸಣ್ಣಗೆ ಉರಿಯುವ ಹಾಗೆ ಡ್ಯಾಂಪರ್ (ಹೊಗೆಕೊಳವೆಯೊಳಗೆ ತಿರುಗುವ ಬಿಲ್ಲೆ) ಮುಚ್ಚಿಟ್ಟು ಮಲಗಿದರೆ ತೊಂದರೆ ಇದೆಯಾ?

ಉತ್ತರ: ಟೆಂಟಿನೊಳಗೆ ಸೌದೆ ಒಲೆ ಉರಿಸಬಹುದು. ಕೆನಡಾ, ಅಮೆರಿಕ, ಫಿನ್‌ಲ್ಯಾಂಡ್ ಕಡೆ ಚಳಿಗಾಲದಲ್ಲಿ ಕಾಡಿಗೆ ಹೋಗುವವರು ಬಹಳ ಕಾಲದಿಂದ ಇದನ್ನು ಮಾಡುತ್ತಾ ಬಂದಿದ್ದಾರೆ. ಮನೆಯಲ್ಲೇ ಮಾಡಿದ ಒಲೆ ಅನ್ನುವುದೂ ದೊಡ್ಡ ಅಡ್ಡಿಯಲ್ಲ. ಆದರೆ ನೀವು ಬರೆದ ಮೂರು ವಿಷಯಕ್ಕೂ ನನ್ನ ಉತ್ತರ ಬೇಡ ಅಂತಲೇ. ನೈಲಾನ್ ಟೆಂಟು ಬೇಡ, ಜಿಐ ಪೈಪು ಬೇಡ, ಡ್ಯಾಂಪರ್ ಮುಚ್ಚಿ ಮಲಗುವುದಂತೂ ಬೇಡವೇ ಬೇಡ. ಮೊದಲಿನ ಎರಡು ಸ್ವಲ್ಪ ದುಡ್ಡು ಖರ್ಚು ಮಾಡಿದರೆ ಸರಿಯಾಗುತ್ತವೆ. ಮೂರನೆಯದು ಅಭ್ಯಾಸದ ಮಾತು, ಮತ್ತು ಜಾಸ್ತಿ ಜೀವ ತೆಗೆಯುವುದೂ ಅದೇ. ಅಲ್ಲಿಂದಲೇ ಶುರು ಮಾಡುತ್ತೇನೆ.

ಟೆಂಟಿನ ಒಲೆ ಅಂದ ಕೂಡಲೇ ಎಲ್ಲರಿಗೂ ಬರುವ ಹೆದರಿಕೆ ಬಟ್ಟೆಗೆ ಬೆಂಕಿ ಹತ್ತುವುದು. ಆ ಭಯ ಸರಿಯಾದದ್ದೇ. ಆದರೆ ಉರಿಯುವ ಬೆಂಕಿ ಕಣ್ಣಿಗೆ ಕಾಣುತ್ತೆ, ಸದ್ದು ಮಾಡುತ್ತೆ, ನೀವು ಎಚ್ಚರವಾಗಿ ಅದರ ಪಕ್ಕದಲ್ಲೇ ಕೂತಿರುತ್ತೀರಿ. ನಿಜವಾಗಿ ಮೋಸ ಮಾಡುವುದು ಉರಿ ಆರಿ ಉಳಿದ ಕೆಂಡ. ಸೌದೆ ಜೋರಾಗಿ ಉರಿಯುವಾಗ ಬೇಕಾದಷ್ಟು ಗಾಳಿ ಸಿಗುತ್ತೆ, ಸೌದೆಯ ಇಂಗಾಲದ ಬಹುಪಾಲು ಕಾರ್ಬನ್ ಡೈಆಕ್ಸೈಡ್ ಆಗಿ ಕೊಳವೆಯಲ್ಲಿ ಮೇಲೆ ಹೋಗುತ್ತೆ. ಕೆಂಡದ ರಾಶಿಯಲ್ಲಿ ಹಾಗಲ್ಲ. ಗಾಳಿ ಕಡಿಮೆ ಇರುವಾಗ, ಕೆಳಗೆ ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಮೇಲಿನ ಬಿಸಿ ಇಂಗಾಲವನ್ನು ದಾಟಿ ಹೋಗುವಷ್ಟರಲ್ಲಿ ಕಾರ್ಬನ್ ಮಾನಾಕ್ಸೈಡ್ ಆಗಿಬಿಡುತ್ತೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣುರಿಯಂತೂ ಇಲ್ಲವೇ ಇಲ್ಲ. ಇಸ್ತ್ರಿ ಅಂಗಡಿಯ ಇದ್ದಿಲಿನ ಹಾಗೆ ಹೊಗೆಯೇ ಕಾಣದ ಕೆಂಡ ನೋಡಿ ಬೆಂಕಿ ಈಗ ಶುದ್ಧವಾಗಿದೆ ಅನ್ನಿಸುತ್ತೆ. ವಿಷ ಜಾಸ್ತಿ ಇರುವುದು ಆ ಹೊತ್ತಿನಲ್ಲೇ.

ಈಗ ನೀವು ಹೇಳಿದ ರಾತ್ರಿಯನ್ನು ಲೆಕ್ಕ ಹಾಕಿ. ಹನ್ನೊಂದು ಗಂಟೆಗೆ ಎರಡು ತುಂಡು ಸೌದೆ ಹಾಕಿ, ಡ್ಯಾಂಪರ್ ಮುಚ್ಚಿ ಮಲಗಿದಿರಿ. ಹೊಗೆಕೊಳವೆ ಗಾಳಿ ಎಳೆಯುವುದು ಅದರೊಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿಯಾಗಿ ಹಗುರವಾಗಿರುವುದರಿಂದ ಮಾತ್ರ. ಒಂದು ಗಂಟೆಯ ಹೊತ್ತಿಗೆ ಉರಿ ಹೋಗಿ ಕೆಂಡ ಉಳಿದಿರುತ್ತೆ. ಹೊರಗೆ ಮೈನಸ್ 20 ಡಿಗ್ರಿ, ತೆಳು ತಗಡಿನ ಕೊಳವೆ ಬೇಗ ತಣ್ಣಗಾಗುತ್ತೆ, ಎಳೆತ ಸತ್ತುಹೋಗುತ್ತೆ. ಮೇಲೆ ಡ್ಯಾಂಪರ್ ಬೇರೆ ಮುಚ್ಚಿದೆ. ಅನಿಲಕ್ಕೆ ಇದ್ದ ಒಂದೇ ದಾರಿ ಅದು, ಅದನ್ನೂ ನೀವೇ ಬಂದ್ ಮಾಡಿದ್ದೀರಿ. ಇನ್ನು ಅದು ಹೋಗುವುದೆಲ್ಲಿಗೆ? ಬಾಗಿಲ ಸಂದಿನಿಂದ, ಗಾಳಿ ತೂತಿನಿಂದ ಟೆಂಟಿನೊಳಗೇ ಬರುತ್ತೆ.

ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200ರಿಂದ 250 ಪಟ್ಟು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತೆ. ಅದಕ್ಕೇ ಗಾಳಿಯಲ್ಲಿ ಸ್ವಲ್ಪವೇ ಇದ್ದರೂ ಗಂಟೆಗಟ್ಟಲೆ ಉಸಿರಾಡಿದಾಗ ರಕ್ತದಲ್ಲಿ ಸೇರುತ್ತಾ ಹೋಗುತ್ತೆ. ಎಚ್ಚರವಿರುವವರಿಗೆ ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆಸುತ್ತು, ಕೈಕಾಲಲ್ಲಿ ಶಕ್ತಿ ಇಲ್ಲದ ಹಾಗೆ. ನಿದ್ದೆಯಲ್ಲಿರುವವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಮಕ್ಕಳು ನಮಗಿಂತ ಬೇಗ ಬೇಗ ಉಸಿರಾಡುತ್ತಾರೆ, ಹಾಗಾಗಿ ಅವರಿಗೆ ಮೊದಲು ತಟ್ಟುತ್ತೆ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ ಎಂಟು ಪ್ರವಾಸಿಗರು, ಅವರಲ್ಲಿ ನಾಲ್ವರು ಮಕ್ಕಳು, ಚಳಿಗೆಂದು ಗ್ಯಾಸ್ ಹೀಟರ್ ಹಚ್ಚಿ ಕಿಟಕಿ ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅದು ರೆಸಾರ್ಟಿನ ಕೋಣೆ. ಉತ್ತರ ಭಾರತದಲ್ಲಿ ಚಳಿಗಾಲ ಬಂದರೆ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿ ಸತ್ತವರ ಸುದ್ದಿ ಪ್ರತಿ ವರ್ಷ ಬರುತ್ತೆ. ಟೆಂಟು ಕೋಣೆಗಿಂತ ಎಷ್ಟೋ ಚಿಕ್ಕದು ಅಲ್ವಾ? ಬಟ್ಟೆಯ ಗೋಡೆ ಗಾಳಿ ಆಡಿಸುತ್ತೆ ಅನ್ನುವ ನಂಬಿಕೆ ಬೇಡ. ಉಸಿರಿನ ತೇವ ಬಟ್ಟೆಯ ಮೇಲೆ ಹೆಪ್ಪುಗಟ್ಟಿ, ಹೊರಗೆ ಬುಡದ ಸುತ್ತ ಹಿಮ ಕೂತರೆ ಕ್ಯಾನ್ವಾಸ್ ಟೆಂಟೂ ಡಬ್ಬಿಯೇ.

ಹಾಗಾಗಿ ನನ್ನ ನಿಯಮ ಇಷ್ಟು: ಎಲ್ಲರೂ ನಿದ್ದೆ ಮಾಡುವಾಗ ಟೆಂಟಿನೊಳಗೆ ಕೆಂಡ ಇರಕೂಡದು. ಒಲೆ ಸಂಜೆಗೆ ಮತ್ತು ಬೆಳಿಗ್ಗೆಗೆ. ರಾತ್ರಿಗೆ ಸ್ಲೀಪಿಂಗ್ ಬ್ಯಾಗು. ಒಲೆ ಇದೆಯಲ್ಲ ಅಂತ ತೆಳು ಬ್ಯಾಗು ಒಯ್ಯುವವರೇ ಮಧ್ಯರಾತ್ರಿ ಚಳಿ ತಡೆಯದೆ ಡ್ಯಾಂಪರ್ ಮುಚ್ಚುವ ಉಪಾಯಕ್ಕೆ ಬೀಳುವುದು. ಒಲೆ ಇಲ್ಲವೇ ಇಲ್ಲ ಅಂದುಕೊಂಡು ಬ್ಯಾಗು ಆರಿಸಿ. ಬ್ಯಾಗಿನ ಮೇಲೆ ಎರಡು ಅಂಕಿ ಇರುತ್ತವೆ, ಕಂಫರ್ಟ್ ಒಂದು, ಲಿಮಿಟ್ ಇನ್ನೊಂದು. ಲಿಮಿಟ್ ನೋಡಿ ಮೋಸ ಹೋಗಬೇಡಿ, ಕಂಫರ್ಟ್ ಅಂಕಿಯೇ ಆ ರಾತ್ರಿಯ ಹವಾಮಾನಕ್ಕಿಂತ ಕೆಳಗಿರಲಿ. ಈ ಅಂಕಿಗಳು ದೊಡ್ಡವರ ಲೆಕ್ಕದಲ್ಲಿ ಮಾಡಿದವು, ಮಗಳಿಗೆ ಇನ್ನೂ ಬೆಚ್ಚಗಿರುವುದೇ ಬೇಕು. ಅಡಿಯಲ್ಲಿ ಒಂದರ ಮೇಲೊಂದು ಎರಡು ಮ್ಯಾಟು ಹಾಸಿ, ಚಳಿ ಜಾಸ್ತಿ ಬರುವುದು ನೆಲದಿಂದ. ಮಲಗುವ ಮುಂಚೆ ಒಲೆಯ ಮೇಲೆ ನೀರು ಕಾಯಿಸಿ, ಬಿಸಿನೀರು ತಡೆಯುವ ಗಟ್ಟಿ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಕಾಲುಚೀಲದೊಳಗೆ ತೂರಿಸಿ ಬ್ಯಾಗಿನ ಕಾಲ್ದೆಸೆಯಲ್ಲಿ ಇಡಿ. ಬೆಳಗಿನ ಜಾವದವರೆಗೂ ಬೆಚ್ಚಗಿರುತ್ತೆ.

ಒಲೆ ಆರಿಸುವುದಕ್ಕೂ ಕ್ರಮ ಇದೆ. ಮಲಗುವ ಒಂದು ಗಂಟೆ ಮುಂಚೆಯೇ ಸೌದೆ ಹಾಕುವುದು ನಿಲ್ಲಿಸಿ. ಗಾಳಿ ತೂತು, ಡ್ಯಾಂಪರ್ ಎರಡನ್ನೂ ಪೂರ್ತಿ ತೆರೆದು, ಇದ್ದದ್ದು ಜೋರಾಗಿ ಉರಿದು ಮುಗಿಯಲಿ. ಆಮೇಲೆ ಉಳಿದ ಕೆಂಡವನ್ನು ಮುಚ್ಚಳ ಇರುವ ಲೋಹದ ಬಕೆಟಿಗೆ ಗೋರಿ ಹೊರಗೆ ಒಯ್ಯಿರಿ. ಹೊರಗೆ ಅಂದರೆ ನಿಜವಾಗಿ ಹೊರಗೆ, ಟೆಂಟಿನ ಮುಂದಿನ ಚಾವಡಿಯಂಥ ಜಾಗದಲ್ಲಿ ಅಲ್ಲ. ಬೂದಿ ಮುಚ್ಚಿದ ಕೆಂಡ ಮಾರನೇ ದಿನವೂ ಜೀವಂತ ಇರುತ್ತೆ. ಒಲೆಯೊಳಗೆ ನೀರು ಸುರಿಯಬೇಡಿ, ಬಿಸಿ ಆವಿ ಮತ್ತು ಬೂದಿ ಮುಖಕ್ಕೆ ರಾಚುತ್ತೆ, ವೆಲ್ಡಿಂಗೂ ಬಿರಿಯಬಹುದು. ಬೆಳಗ್ಗೆಗೆ ಬೇಕಾದ ಸಣ್ಣ ಚಕ್ಕೆ, ತೊಗಟೆಯನ್ನು ರಾತ್ರಿಯೇ ಒಲೆಯಿಂದ ದೂರ ಜೋಡಿಸಿಡಿ. ಇಷ್ಟು ಚಿಕ್ಕ ಒಲೆ ಹಚ್ಚಿದ ಸ್ವಲ್ಪ ಹೊತ್ತಿಗೇ ಟೆಂಟು ಬೆಚ್ಚಗಾಗುತ್ತೆ, ದೊಡ್ಡವರು ಒಬ್ಬರು ಮೊದಲು ಎದ್ದು ಹಚ್ಚಿದರೆ ಮಗಳು ಚಳಿಯಲ್ಲಿ ಏಳಬೇಕಾಗಿಲ್ಲ. ಯಾವುದೋ ಕಾರಣಕ್ಕೆ ರಾತ್ರಿ ಬೆಂಕಿ ಬೇಕೇಬೇಕು ಅಂತಾದರೆ ದೊಡ್ಡವರಲ್ಲಿ ಒಬ್ಬರು ಎದ್ದು ಕೂತಿರಬೇಕು. ಸೈನ್ಯದ ಟೆಂಟುಗಳಲ್ಲಿ ಒಲೆ ಉರಿಯುವಷ್ಟು ಹೊತ್ತು ಪಾಳಿಯ ಮೇಲೆ ಒಬ್ಬರು ಎಚ್ಚರವಿರುವುದು ಇದಕ್ಕೇ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಯ್ಯಲೇಬೇಕು, ಆದರೆ ಅದನ್ನು ನಂಬಿ ಮೇಲಿನ ನಿಯಮ ಸಡಿಲ ಮಾಡಬೇಡಿ. ಉತ್ತರ ಅಮೆರಿಕದಲ್ಲಿ ಮನೆಗೆ ಮಾರುವ ಅಲಾರಂ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದಿದ್ದರೆ ಯಾಕೆ ಅಂತ ಗೊತ್ತಾಗುತ್ತೆ. ಗಾಳಿಯಲ್ಲಿ 70 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲ 70 ಪಾಲು, ಇದ್ದರೆ ಅದು ಕೂಗುವುದು ಒಂದರಿಂದ ನಾಲ್ಕು ಗಂಟೆಯೊಳಗೆ. 150 ಇದ್ದರೆ 10ರಿಂದ 50 ನಿಮಿಷದೊಳಗೆ. 400 ಇದ್ದರೆ 4ರಿಂದ 15 ನಿಮಿಷದೊಳಗೆ. ಅಂದರೆ ಅಲಾರಂ ಸುಮ್ನಿದೆ ಅಂದರೆ ಗಾಳಿ ಶುದ್ಧ ಅಂತಲ್ಲ. ಸುಮಾರು 30 ಪಿಪಿಎಂಗಿಂತ ಕಡಿಮೆ ಇದ್ದಾಗ ಹಲವು ಅಲಾರಂಗಳ ಪರದೆ ಸೊನ್ನೆಯೇ ತೋರಿಸುತ್ತೆ. ಇನ್ನೊಂದು ತೊಂದರೆ ಚಳಿ. ಮನೆಯ ಅಲಾರಂಗಳನ್ನು ಹೆಚ್ಚಾಗಿ 4ರಿಂದ 38 ಡಿಗ್ರಿ ಸೆಲ್ಸಿಯಸ್‌ನ ನಡುವೆ ಕೆಲಸ ಮಾಡಲು ಮಾಡಿರುತ್ತಾರೆ, ಒಲೆ ಆರಿದ ಮೇಲೆ ಟೆಂಟು ಅದಕ್ಕಿಂತ ಎಷ್ಟೋ ತಣ್ಣಗಿರುತ್ತೆ. ಸಣ್ಣ ಪ್ರಮಾಣವನ್ನೂ ತೋರಿಸುವ, ಚಳಿ ತಡೆಯುವ ಮೀಟರ್ ಸಿಗುತ್ತೆ, ಬೆಲೆ ಸ್ವಲ್ಪ ಜಾಸ್ತಿ, ಕೊಳ್ಳಿ. ಜೊತೆಗೆ ಒಂದು ಸಾಮಾನ್ಯ ಅಲಾರಂ. ಎರಡಕ್ಕೂ ಲೀಥಿಯಂ ಬ್ಯಾಟರಿ ಹಾಕಿ, ಸಾಮಾನ್ಯ ಬ್ಯಾಟರಿ ಚಳಿಗೆ ಸೋಲುತ್ತೆ. ಹಿಂಬದಿಯಲ್ಲಿ ಅವಧಿ ಮುಗಿಯುವ ದಿನ ಬರೆದಿರುತ್ತೆ, ನೋಡಿ. ಮಲಗಿದಾಗ ತಲೆ ಇರುವ ಎತ್ತರದಲ್ಲಿ ತೂಗುಹಾಕಿ. ಈ ಅನಿಲ ಗಾಳಿಯಷ್ಟೇ ತೂಕ, ಎಲ್ಲ ಕಡೆ ಬೆರೆಯುತ್ತೆ. ಹಾಗಾಗಿ ನೆಲದಲ್ಲೇ ಇಡಬೇಕು, ಚಾವಣಿಯಲ್ಲೇ ಇಡಬೇಕು ಅನ್ನುವುದೆಲ್ಲ ಸುಳ್ಳು. ಮನೆಯ ಗೋಡೆಯಲ್ಲಿರುವುದನ್ನು ಕಿತ್ತು ಒಯ್ಯಬೇಡಿ, ಅದು ಮನೆಗೆ ಬೇಕು.

ಇನ್ನು ಟೆಂಟು. ನೈಲಾನ್ 220 ಡಿಗ್ರಿಯ ಆಸುಪಾಸಿನಿಂದಲೇ ಕರಗಲು ಶುರುವಾಗುತ್ತೆ, ಪಾಲಿಯೆಸ್ಟರ್ 250ರ ಸುಮಾರಿಗೆ. ಒಲೆಯಿಂದ ಹೊರಟ ಕೊಳವೆಯ ಮೊದಲ ಭಾಗ ಜೋರು ಉರಿಯಲ್ಲಿ 300 ಡಿಗ್ರಿಯನ್ನು ಸಲೀಸಾಗಿ ದಾಟುತ್ತೆ. ಕೊಳವೆ ಹಾಯುವ ತೂತಿಗೆ ಶಾಖ ತಡೆಯುವ ಬಟ್ಟೆ ಹೊಲಿದರೂ, ಗಾಳಿಗೆ ಟೆಂಟು ಹೊಯ್ದಾಡಿ ಗೋಡೆ ಒಲೆಗೆ ತಾಗಿದರೆ ಅಲ್ಲಿಗೆ ಮುಗಿಯಿತು. ಕರಗಿದ ನೈಲಾನ್ ತೊಟ್ಟಿಕ್ಕಿ ಚರ್ಮಕ್ಕೆ ಅಂಟುತ್ತೆ, ಕೀಳಲು ಹೋದರೆ ಚರ್ಮವೂ ಬರುತ್ತೆ. ನಿಮಗೆ ಬೇಕಿರುವುದು ಹತ್ತಿಯ ಕ್ಯಾನ್ವಾಸ್ ಅಥವಾ ಹತ್ತಿ ಜಾಸ್ತಿ ಇರುವ ಬೆರಕೆ ಬಟ್ಟೆಯ, ಒಲೆಗೆಂದೇ ಮಾಡಿದ, ಒಳಗೆ ಎದ್ದು ನಿಲ್ಲುವಷ್ಟು ಎತ್ತರದ ಟೆಂಟು. ಅದರಲ್ಲಿ ಕೊಳವೆಯ ಜಾಗಕ್ಕೆ ಸಿಲಿಕೋನ್ ಲೇಪಿಸಿದ ಫೈಬರ್‌ಗ್ಲಾಸ್ ತುಂಡು ಮೊದಲೇ ಹೊಲಿದಿರುತ್ತೆ. ಹೊಸದು ದುಬಾರಿ. ಆದರೆ ಒಂಟಾರಿಯೋದಲ್ಲಿ ಇಂಥ ಟೆಂಟು ಬಾಡಿಗೆಗೆ ಕೊಡುವವರಿದ್ದಾರೆ, ಮೊದಲ ಸಲಕ್ಕೆ ಅದೇ ವಾಸಿ. ಇಷ್ಟೆಲ್ಲ ಈ ವರ್ಷ ಆಗಲಿಲ್ಲ ಅಂದರೆ ಅಲ್ಗಾಂಕ್ವಿನ್‌ನ ಮ್ಯೂ ಲೇಕ್ ಕ್ಯಾಂಪಿನಲ್ಲಿ ಚಳಿಗಾಲಕ್ಕೂ ಬೆಚ್ಚಗಿನ ಯರ್ಟ್‌ಗಳು (ಗಟ್ಟಿ ಚೌಕಟ್ಟಿನ ದೊಡ್ಡ ಡೇರೆಗಳು) ಸಿಗುತ್ತವೆ, ಮಗಳಿಗೆ ಹಿಮ ತೋರಿಸಲು ಅದೂ ಒಳ್ಳೆಯ ದಾರಿಯೇ.

ಹಳೇ ಕ್ಯಾನ್ವಾಸ್ ಯಾರಾದರೂ ಕೊಟ್ಟರೆ ಅದಕ್ಕೆ ಏನು ಬಳಿದಿದ್ದಾರೆ ಅಂತ ಕೇಳದೆ ತಗೋಬೇಡಿ. ನೀರು ಇಳಿಯದಿರಲಿ ಅಂತ ಮೇಣ ಬಳಿಯುವುದು ಹಳೆಯ ಪದ್ಧತಿ. 1944ರ ಜುಲೈ 6ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಸರ್ಕಸ್ ಡೇರೆ ಹೊತ್ತಿಕೊಂಡು 160ಕ್ಕೂ ಹೆಚ್ಚು ಜನ ಸತ್ತರು. ಆ ಬಟ್ಟೆಗೆ ಪೆಟ್ರೋಲಿನಲ್ಲಿ ಕರಗಿಸಿದ ಪ್ಯಾರಾಫಿನ್ ಮೇಣ ಬಳಿದಿದ್ದರು, ಉರಿ ಕೆಲವೇ ನಿಮಿಷದಲ್ಲಿ ಇಡೀ ಚಾವಣಿಗೆ ಹಬ್ಬಿತು. ನಮ್ಮ ಬೆಂಗಳೂರಿನಲ್ಲೂ 1981ರ ಫೆಬ್ರವರಿಯಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಹೋದರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಡೇರೆಯ ಬಟ್ಟೆ ಒಮ್ಮೆ ಹತ್ತಿಕೊಂಡರೆ ಯೋಚನೆ ಮಾಡಲು ಸಮಯ ಸಿಗುವುದಿಲ್ಲ. ಟೆಂಟಿನ ಮೇಲೆ ಸಿಪಿಎಐ-84 ಅನ್ನುವ ಗುರುತಿದ್ದರೆ ಬಟ್ಟೆಯಲ್ಲಿ ಉರಿ ಬೇಗ ಹಬ್ಬದ ಹಾಗೆ ಮಾಡಿದ್ದಾರೆ ಅಂತ ಅರ್ಥ. ಸುಡುವುದೇ ಇಲ್ಲ ಅಂತ ಅಲ್ಲ.

ನಿಮ್ಮ ಡಬ್ಬಿ ಒಲೆಗೆ ಬರೋಣ. ಡಬ್ಬಿಯ ಮುಚ್ಚಳದಲ್ಲಿ ರಬ್ಬರ್ ಪಟ್ಟಿ ಇರುತ್ತೆ, ಅದನ್ನು ಪೂರ್ತಿ ಕಿತ್ತುಹಾಕಿ. ಹಸಿರು ಬಣ್ಣವನ್ನು ಉಜ್ಜಿ ತೆಗೆಯಿರಿ, ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಹಳೇ ಬಣ್ಣದಲ್ಲಿ ಏನೇನಿದೆಯೋ ಹೇಳಲಾಗುವುದಿಲ್ಲ. ಆಮೇಲೆ ಹೊರಗೆ, ಬಯಲಿನಲ್ಲಿ, ಎರಡು ಮೂರು ಸಲ ಜೋರಾಗಿ ಉರಿಸಿ ಉಳಿದದ್ದೂ ಸುಟ್ಟುಹೋಗುವ ಹಾಗೆ ಮಾಡಿ, ಗಾಳಿ ಬರುವ ಕಡೆ ನಿಂತುಕೊಳ್ಳಿ. ಮೊದಲ ಉರಿ ಟೆಂಟಿನೊಳಗೆ ಖಂಡಿತ ಬೇಡ.

ಜಿಐ ಪೈಪು ಯಾಕೆ ಬೇಡ ಅಂದರೆ ಅದರ ಮೇಲಿರುವುದು ಸತುವಿನ ಲೇಪ. ಸತು 420 ಡಿಗ್ರಿಯಲ್ಲೇ ಕರಗುತ್ತೆ. ಅದು ಕಾದು ಆವಿಯಾಗಿ ಗಾಳಿಯಲ್ಲಿ ಬೆರೆತರೆ ಕೆಲವೇ ಗಂಟೆಯಲ್ಲಿ ಚಳಿಜ್ವರ ಬಂದ ಹಾಗೆ ಮೈ ನಡುಗುತ್ತೆ, ಎದೆ ಬಿಗಿಯುತ್ತೆ. ಜಿಐ ವೆಲ್ಡಿಂಗ್ ಮಾಡುವವರಿಗೆ ಈ ಜ್ವರ ಚೆನ್ನಾಗಿ ಗೊತ್ತು. ಒಲೆಯ ಹತ್ತಿರದ ತುಂಡು ಸತು ಕರಗುವಷ್ಟು ಬಿಸಿಯಾಗುವ ಸಾಧ್ಯತೆ ಇದ್ದೇ ಇದೆ, ಅದೂ ಮಗು ಇರುವ ಟೆಂಟಿನಲ್ಲಿ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಮನೆ ಒಲೆಗೆ ಹಾಕುವ ಕಪ್ಪು ಉಕ್ಕಿನ ಪೈಪು ತನ್ನಿ. ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಬೆಳ್ಳಗಿನ ಅಲ್ಯೂಮಿನಿಯಂ ಪೈಪನ್ನು ಬಳಸುವವರೂ ಇದ್ದಾರೆ, ಅದು 660 ಡಿಗ್ರಿಗೆ ಕರಗುತ್ತೆ, ಅದಕ್ಕೂ ಮುಂಚೆಯೇ ಮೆತ್ತಗಾಗಿ ಕುಸಿಯುತ್ತೆ. ಹೊರಗೂ ಬೇಡ, ಒಳಗೂ ಬೇಡ.

ಪೈಪಿನ ತುಂಡು ಜೋಡಿಸುವುದರಲ್ಲಿ ಬಹಳ ಜನ ತಲೆಕೆಳಗು ಮಾಡುತ್ತಾರೆ. ಸುಕ್ಕು ಮಾಡಿದ, ಒಳಗೆ ತೂರುವ ತುದಿ ಒಲೆಯ ಕಡೆಗೆ, ಅಂದರೆ ಕೆಳಗೆ ಇರಬೇಕು. ಮೇಲಿನ ತುಂಡು ಕೆಳಗಿನದರ ಒಳಗೆ ಕೂರಬೇಕು. ಹಾಗಿದ್ದರೆ ಹೊಗೆ ಸಂದಿನಿಂದ ಹೊರಬರುವುದಿಲ್ವಾ ಅಂತ ಕೇಳುತ್ತಾರೆ. ಎಳೆತ ಸರಿಯಿರುವ ಕೊಳವೆಯಲ್ಲಿ ಒತ್ತಡ ಹೊರಗಿಗಿಂತ ಕಡಿಮೆ, ಸಂದಿನಿಂದ ಗಾಳಿ ಒಳಗೆ ಹೋಗುತ್ತೆಯೇ ಹೊರತು ಹೊಗೆ ಹೊರಗೆ ಬರುವುದಿಲ್ಲ. ಆದರೆ ಮೇಲೆ ತಣ್ಣಗಾದ ಡಾಂಬರಿನಂಥ ರಸ ಕೆಳಗೆ ಇಳಿಯುತ್ತಲ್ಲ, ಅದು ಪೈಪಿನೊಳಗೇ ಇಳಿದು ಒಲೆಗೆ ಬಿದ್ದು ಸುಟ್ಟುಹೋಗಬೇಕು, ಹೊರಗೆ ಒಸರಿ ಟೆಂಟಿನ ಬಟ್ಟೆ ಮೇಲೆ ಹರಿಯಬಾರದು. ಪ್ರತಿ ಸಂದಿಗೂ ಸ್ಕ್ರೂ ಹಾಕಿ, ಸುಮ್ನೆ ತೂರಿಸಿ ಬಿಟ್ಟರೆ ರಾತ್ರಿ ಗಾಳಿಗೆ ಕಳಚಿಕೊಳ್ಳುತ್ತೆ. ಕೊಳವೆಯ ತುದಿ ಟೆಂಟಿನ ನೆತ್ತಿಗಿಂತ ಸಾಕಷ್ಟು ಮೇಲಿರಲಿ, ಮೂರು ದಿಕ್ಕಿಗೆ ತಂತಿ ಕಟ್ಟಿ ಬಿಗಿಯಿರಿ. ಮೊಣಕೈ ತಿರುವು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಒಂದೊಂದು ತಿರುವೂ ಎಳೆತವನ್ನು ತಿನ್ನುತ್ತೆ. ತುದಿಗೆ ಕಿಡಿ ತಡೆಯುವ ಜಾಲರಿ ಬೇಕು, ಆದರೆ ಅದೇ ಜಾಲರಿ ಮಸಿಯಿಂದ ಕಟ್ಟಿಕೊಂಡರೆ ಹೊಗೆಯೆಲ್ಲ ಒಳಗೆ. ದಿನವೂ ಬೆಳಿಗ್ಗೆ ತಣ್ಣಗಿರುವಾಗ ಬಿಚ್ಚಿ ತಟ್ಟಿ ಶುಚಿ ಮಾಡಿ. ಎರಡೇ ರಾತ್ರಿ ಅಲ್ವಾ ಅಂತ ಬಿಡಬೇಡಿ, ಹಸಿ ಸೌದೆ ಹಾಕಿದರೆ ಒಂದೇ ರಾತ್ರಿಯಲ್ಲಿ ಕಟ್ಟಿಕೊಳ್ಳುತ್ತೆ.

ಡ್ಯಾಂಪರ್ ಅಂದರೆ ಕೊಳವೆಯೊಳಗೆ ತಿರುಗುವ ಬಿಲ್ಲೆ. ನೀವು ಗಟ್ಟಿ ತಗಡಿನಿಂದ ಮಾಡಿದ್ದರೆ ನಡುವೆ ತೂತು ಕೊರೆಯಿರಿ, ಪೂರ್ತಿ ತಿರುಗಿಸಿದರೂ ದಾರಿ ಮುಚ್ಚಬಾರದು. ಬೆಂಕಿ ತಗ್ಗಿಸುವ ಕೆಲಸವನ್ನು ಬಾಗಿಲ ಕೆಳಗಿನ ಗಾಳಿ ತೂತಿನಿಂದ ಮಾಡಿ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಅನ್ನುವ ವಿಭಾಗದವರು ಹಳ್ಳಿಯ ಅಡುಗೆಮನೆಗೆಂದು ರೂಪಿಸಿದ ಅಸ್ತ್ರ ಒಲೆಯಲ್ಲೂ ಸೌದೆ ಉರಿಯುವ ಜಾಗ ಮುಚ್ಚಿದ್ದು, ಗಾಳಿ ಒಳಬರುವುದು ಒಂದು ಲೆಕ್ಕದಲ್ಲಿ, ಹೊಗೆ ಕೊಳವೆಯಲ್ಲಿ ಹೊರಗೆ. ನಿಮ್ಮ ಒಲೆಗೂ ಬೇಕಿರುವುದು ಅಷ್ಟೇ. ಬಾಗಿಲು ಬಿಗಿಯಾಗಿ ಕೂರಬೇಕು, ಅಂಚಿಗೆ ಫೈಬರ್‌ಗ್ಲಾಸ್ ಹಗ್ಗ ಅಂಟಿಸಿ. ತೆಳು ತಗಡಿನ ತಳ ಕೆಂಡದ ಶಾಖಕ್ಕೆ ಬೇಗ ಸವೆಯುತ್ತೆ, ಒಂದು ಇಂಚು ಒಣ ಮರಳು ಹಾಸಿ. ಮರಳು ತೇವ ಇರಬಾರದು.

ಎಲ್ಲ ಆದ ಮೇಲೆ ಊದಿನಕಡ್ಡಿ ಪರೀಕ್ಷೆ ಮಾಡಿ, ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಒಲೆ ಚೆನ್ನಾಗಿ ಹತ್ತಿದ ಮೇಲೆ ಹಚ್ಚಿದ ಊದಿನಕಡ್ಡಿಯನ್ನು ಬಾಗಿಲ ಅಂಚು, ಗಾಳಿ ತೂತು, ಪೈಪಿನ ಪ್ರತಿ ಸಂದಿಯ ಹತ್ತಿರ ಹಿಡಿಯಿರಿ. ಹೊಗೆಯ ಎಳೆ ಒಳಗೆ ಎಳೆದುಕೊಂಡರೆ ಸರಿ. ಹೊರಗೆ ತಳ್ಳಿದರೆ ಅಲ್ಲಿ ಸೋರಿಕೆ ಇದೆ, ಅಥವಾ ಎಳೆತವೇ ಸಾಲದು. ಇದೇ ಪರೀಕ್ಷೆಯನ್ನು ಉರಿ ತಗ್ಗಿ ಕೆಂಡ ಉಳಿದಾಗ ಮತ್ತೆ ಮಾಡಿ. ಜೋರು ಉರಿಯಲ್ಲಿ ಪಾಸಾದ ಎಷ್ಟೋ ಒಲೆಗಳು ಈ ಎರಡನೇ ಸಲ ಫೇಲಾಗುತ್ತವೆ.

ಹಿಮದ ಮೇಲೆ ಒಲೆ ಇಡುವುದಕ್ಕೆ ಗಟ್ಟಿ ಪೀಠ ಬೇಕು. ಶಾಖಕ್ಕೆ ಅಡಿಯ ಹಿಮ ಕರಗಿ, ಒಲೆ ಒಂದು ಕಡೆಗೆ ವಾಲಿ, ಪೈಪು ಕಿತ್ತುಕೊಂಡು ಬರುವುದು ಇಲ್ಲಿಯ ಮಾಮೂಲಿ ಅನಾಹುತ. ಎರಡು ದಪ್ಪ ದಿಮ್ಮಿ ಅಡ್ಡ ಹಾಕಿ, ಮೇಲೆ ಲೋಹದ ತಟ್ಟೆ, ಅದರ ಮೇಲೆ ಉದ್ದ ಕಾಲಿನ ಒಲೆ. ಆಗಾಗ ನೋಡುತ್ತಿರಿ. ಗೋಡೆಯಿಂದ ಎರಡು ಅಡಿ ದೂರ ಇಡಿ. ಅಷ್ಟು ಜಾಗ ಇಲ್ಲದಿದ್ದರೆ ನಡುವೆ ತಗಡು ನಿಲ್ಲಿಸಿ, ತಗಡಿನ ಹಿಂದೆ ಗಾಳಿ ಆಡಲು ಸಂದು ಬಿಡಿ. ಸೌದೆಯನ್ನು ಒಲೆಗೆ ಒರಗಿಸಿ ಒಣಗಿಸಬೇಡಿ. ಒದ್ದೆ ಕಾಲುಚೀಲ, ಶಾಲು ಒಲೆಯ ನೇರ ಮೇಲೆ ಹಗ್ಗ ಕಟ್ಟಿ ಹಾಕುವುದನ್ನು ನೋಡಿದಾಗಲೆಲ್ಲ ನನಗೆ ಜೀವ ಹೋದ ಹಾಗಾಗುತ್ತೆ, ಒಣಗಿ ಹಗುರಾದ ಬಟ್ಟೆ ಬಿಸಿಗಾಳಿಗೆ ಜಾರಿ ಬೀಳುವುದು ಒಲೆ ಮೇಲೇ. ಪಕ್ಕಕ್ಕೆ ಕಟ್ಟಿ, ಕ್ಲಿಪ್ ಹಾಕಿ.

ಟೆಂಟಿನ ಬಾಗಿಲಿಗೂ ಮಲಗುವವರಿಗೂ ನಡುವೆ ಒಲೆ ಬರಬಾರದು. ಬೆಂಕಿ ಬಿದ್ದರೆ ದಾರಿ ಅದೇ. ಹೊರಗೆ ಓಡುವುದನ್ನು ಮಗಳಿಗೆ ಹಗಲಲ್ಲೇ ಆಟದ ಹಾಗೆ ಒಂದೆರಡು ಸಲ ಮಾಡಿಸಿ, ಸ್ಲೀಪಿಂಗ್ ಬ್ಯಾಗಿನ ಜಿಪ್ ಕತ್ತಲಲ್ಲಿ ತೆರೆಯುವುದನ್ನೂ. ಹರಿತವಾದ ಚಾಕು ದೊಡ್ಡವರ ತಲೆದೆಸೆಯಲ್ಲಿರಲಿ, ಗೋಡೆ ಸೀಳಿ ಹೊರಗೆ ಹೋಗಲು. ಒಲೆಯ ಸುತ್ತ ಒಂದು ಗೆರೆ ಹಾಕಿ, ಅದರೊಳಗೆ ಮಗಳು ಕಾಲಿಡಬಾರದು ಅನ್ನುವುದು ಕಟ್ಟುನಿಟ್ಟು. ನೈಲಾನ್ ಜಾಕೆಟ್ ತೆಗೆದು ಉಣ್ಣೆ ಹಾಕಿಸಿ. ಕೈ ಸುಟ್ಟರೆ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ಹಿಮ ಒತ್ತುವುದು ಬೇಡ, ಟೂತ್‌ಪೇಸ್ಟ್, ತುಪ್ಪ ಯಾವುದೂ ಬೇಡ. ಅದಕ್ಕೆಂದು ಒಂದು ಕ್ಯಾನು ನೀರು ಹೆಪ್ಪುಗಟ್ಟದ ಹಾಗೆ ಒಳಗಿಟ್ಟಿರಿ. ಬೆಂಕಿಗೆ ಒಣಪುಡಿಯ ಎಕ್ಸ್‌ಟಿಂಗ್ವಿಷರ್ ಇರಲಿ.

ಒಲೆ ಉರಿಯುವಾಗ ಎರಡು ಕಡೆ ಗಾಳಿ ಕಿಂಡಿ ತೆರೆದಿರಬೇಕು, ನೆಲದ ಹತ್ತಿರ ಒಂದು, ನೆತ್ತಿಯ ಹತ್ತಿರ ಒಂದು. ಟೆಂಟಿನ ಅಂಚಿಗೆ ಸುತ್ತಲೂ ಹಿಮ ಒತ್ತಿ ಮುಚ್ಚಿಬಿಟ್ಟರೆ ಬೆಂಕಿಗೂ ನಿಮಗೂ ಉಸಿರು ಇಲ್ಲ, ಒಲೆ ಕೊಳವೆಯಿಂದಲೇ ಗಾಳಿ ಕೆಳಗೆ ಎಳೆದುಕೊಳ್ಳಲು ಶುರು ಮಾಡುತ್ತೆ. ಹಿಮ ಬೀಳುವ ರಾತ್ರಿ ಕಿಂಡಿಗಳನ್ನು ಎದ್ದು ನೋಡಿ.

ಸೌದೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚೆನ್ನಾಗಿ ಒಣಗಿ ಸೀಳಿದ ಮೇಪಲ್, ಬರ್ಚ್ ಆದೀತು. ಬಣ್ಣ ಬಳಿದ ಹಲಗೆ, ಪ್ಲೈವುಡ್, ಹುಳ ಹಿಡಿಯದ ಹಾಗೆ ಔಷಧಿ ಹಾಕಿದ ಮರ ಬೇಡ. ಬಾರ್ಬೆಕ್ಯೂ ಇದ್ದಿಲು ಅಂತೂ ಒಂದು ತುಂಡೂ ಬೇಡ, ಕಾರಣ ಮೇಲೆಯೇ ಹೇಳಿದ್ದೇನೆ. ಸೀಮೆಎಣ್ಣೆ, ಪೆಟ್ರೋಲು ಹಾಕಿ ಹಚ್ಚಬೇಡಿ. ಟೊರಾಂಟೊದಿಂದ ಸೌದೆ ತುಂಬಿಕೊಂಡು ಹೋಗಬೇಡಿ, ಆ್ಯಶ್ ಮರಗಳನ್ನು ಕೊಲ್ಲುವ ಹುಳ ಸೌದೆಯ ಜೊತೆಗೇ ಊರೂರಿಗೆ ಹಬ್ಬಿದೆ. ಅಲ್ಲೇ ಹತ್ತಿರ ಕೊಳ್ಳಿ. ಟೆಂಟಿನ ಒಲೆಗೆ ಆ ಕ್ಯಾಂಪಿನಲ್ಲಿ ಏನು ನಿಯಮ ಇದೆ ಅಂತ ಬುಕ್ ಮಾಡುವಾಗಲೇ ಪಾರ್ಕಿನವರನ್ನು ಕೇಳಿ.

ಯಾರಿಗಾದರೂ ತಲೆನೋವು, ವಾಕರಿಕೆ ಶುರುವಾದರೆ, ಅದರಲ್ಲೂ ಇಬ್ಬರಿಗೆ ಒಟ್ಟಿಗೆ ಶುರುವಾದರೆ, ಅಥವಾ ಅಲಾರಂ ಕೂಗಿದರೆ, ಕಾರಣ ಹುಡುಕುತ್ತಾ ಒಳಗೆ ಕೂರಬೇಡಿ. ಬ್ಯಾಗು ಸಮೇತ ಎಲ್ಲರೂ ಹೊರಗೆ. 911ಕ್ಕೆ ಫೋನ್ ಮಾಡಿ. ಕಾಡಿನಲ್ಲಿ ಎಲ್ಲ ಕಡೆ ಸಿಗ್ನಲ್ ಇರುವುದಿಲ್ಲ, ಎಲ್ಲಿ ಸಿಗುತ್ತೆ ಅಂತ ಹೋದ ದಿನವೇ ನೋಡಿಟ್ಟಿರಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೆ ಸಮಾಧಾನ ಪಡಬೇಡಿ. ಆ ಯಂತ್ರಕ್ಕೆ ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷ ಹೊತ್ತ ರಕ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬರೀ ಗಾಳಿಯಲ್ಲಿ ರಕ್ತದಿಂದ ಅರ್ಧ ವಿಷ ಇಳಿಯಲು ನಾಲ್ಕರಿಂದ ಆರು ಗಂಟೆ ಬೇಕು, ಆಸ್ಪತ್ರೆಯ ಆಮ್ಲಜನಕದಲ್ಲಿ ಒಂದು ಒಂದೂವರೆ ಗಂಟೆ. ಅದಕ್ಕೇ ಹುಷಾರಾದ ಹಾಗೆ ಅನ್ನಿಸಿದರೂ ಆಸ್ಪತ್ರೆಗೆ ಹೋಗಿ. ಬೆಚ್ಚಗಿರಲು ಕಾರಿನಲ್ಲಿ ಕೂತು ಎಂಜಿನ್ ಹಾಕುವ ಮುಂಚೆ ಹಿಂದಿನ ಸೈಲೆನ್ಸರ್ ಪೈಪಿನ ಸುತ್ತ ಹಿಮ ಬಗೆದು ತೆಗೆಯಿರಿ, ಇಲ್ಲದಿದ್ದರೆ ಅದೇ ಅನಿಲ ಕಾರಿನೊಳಗೂ ಬರುತ್ತೆ.

ಜನವರಿಯಲ್ಲಿ ಒಂದು ಸಂಜೆ ಹಿತ್ತಲಿನಲ್ಲೇ ಟೆಂಟು ಹಾಕಿ, ನಿಮ್ಮ ಊರಿನಲ್ಲಿ ಬಯಲು ಬೆಂಕಿಗೆ ಅನುಮತಿ ಬೇಕಾ ಅಂತ ಮುಂಚೆ ವಿಚಾರಿಸಿ. ಸಂಜೆ ಆರಕ್ಕೆ ಹಚ್ಚಿ, ಒಂಬತ್ತಕ್ಕೆ ಕೆಂಡ ಹೊರಗೆ ಹಾಕುವವರೆಗೆ ಮೀಟರ್ ನೋಡುತ್ತಾ, ಅರ್ಧ ಗಂಟೆಗೊಮ್ಮೆ ಅಂಕಿ ಬರೆದಿಡಿ. ಉರಿಯುವಾಗ ಸೊನ್ನೆ ಇದ್ದು ಕೆಂಡದ ಹೊತ್ತಿಗೆ ಏರಿದರೆ ಕೊಳವೆ ಉದ್ದ ಮಾಡಿ, ಸಂದು ಮುಚ್ಚಿ, ಇನ್ನೊಂದು ಸಂಜೆ ಮತ್ತೆ ಹಚ್ಚಿ ನೋಡಿ. ಅಷ್ಟಾದರೂ ಅಂಕಿ ಇಳಿಯದಿದ್ದರೆ ಆ ಒಲೆಯನ್ನು ಟೆಂಟಿನ ಹೊರಗೆ ಅನ್ನ ಸಾರು ಮಾಡಲು ಇಟ್ಟುಕೊಳ್ಳಿ, ಒಳಗಿಗೆ ಕಾರ್ಖಾನೆಯಲ್ಲಿ ಮಾಡಿದ ಒಲೆಯನ್ನು ಟೆಂಟಿನ ಜೊತೆಗೇ ಬಾಡಿಗೆಗೆ ತನ್ನಿ.